ಕೆಲಸ ಕೆಳಗೆ, ಇಂಟರ್‌ವ್ಯೂ ಮೇಲೆ

“ಎತ್ಕೊಂಡು ಹೋಗ್ತೀವಿ ಅಂದ್ರೆ? ನಾನೇನು ಬಟ್ಟೆ ಗಂಟಾ?” ಎಂದು ಚಿಕ್ಕಮ್ಮ ವೀಲ್‌ಚೇರಿನ ಬ್ರೇಕ್ ಹಾಕಿಯೇಬಿಟ್ಟರು.

ವಾಚ್‌ಮನ್ ತಲೆ ಕೆರೆದುಕೊಂಡ. “ಅಯ್ಯೋ ಅಕ್ಕಾ, ಇಬ್ರು ಹಿಡಿದ್ರೆ ಆಗೋಯ್ತು. ಇಂಟರ್‌ವ್ಯೂ ಮಹಡಿ ಮೇಲೆ, ಲಿಫ್ಟ್ ಇಲ್ಲ.”

“ಹೊಲಿಗೆ ಮಷೀನುಗಳು ಎಲ್ಲಿವೆ?”

“ಇಲ್ಲೇ, ಕೆಳಗೆ.”

“ಅವನ್ನ ರಿಪೇರಿ ಮಾಡೋಳು ನಾನು. ಕೆಲಸ ಕೆಳಗೆ, ಇಂಟರ್‌ವ್ಯೂ ಮೇಲೆ! ಸಾಹೇಬ್ರನ್ನೇ ಇಳಿದು ಬರೋಕೆ ಹೇಳು. ಅವ್ರಿಗೆ ಕಾಲಿದೆಯಲ್ಲ?”

ನನಗೆ ನಗುವೂ ಬಂತು, ಕೆಲಸ ಕೈತಪ್ಪೀತೆಂಬ ಭಯವೂ ಆಯಿತು. ಈ ಗಾರ್ಮೆಂಟ್ ಫ್ಯಾಕ್ಟರಿಯ ಮೆಕ್ಯಾನಿಕ್ ಕೆಲಸ ಚಿಕ್ಕಮ್ಮನಿಗೆ ಬೇಕೇ ಬೇಕು. ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ಕಾಲು ಹೋದ ಮೇಲೆ, ಹೊಲಿಗೆ ಮಷೀನ್ ರಿಪೇರಿ ಮಾಡುತ್ತಿದ್ದ ತಾತನ ಪಕ್ಕ ಕೂತು ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತವರು ಅವರು. ಈಗ ಬೀದಿಯವರೆಲ್ಲ ಕೆಟ್ಟ ಮಷೀನ್ ತಂದು ನಮ್ಮ ಹಾಲ್‌ನಲ್ಲಿ ಇಳಿಸುತ್ತಾರೆ, ಜೊತೆಗೊಂದಿಷ್ಟು ‘ಅಯ್ಯೋ ಪಾಪ’. “ಮನೇಲಿ ಕೂತು ಎಷ್ಟೂಂತ ಪಾಪ ಅನ್ನಿಸ್ಕೊಳ್ಳಲಿ? ನಂಗೂ ಬೆಳಿಗ್ಗೆ ಎದ್ದು ಓಡೋಕೊಂದು ಕೆಲಸ ಬೇಕು, ಬೈಯೋಕೊಬ್ಬ ಬಾಸ್ ಬೇಕು ಕಣೇ” ಎನ್ನುತ್ತಿರುತ್ತಾರೆ.

ಮೇಲಿನಿಂದ ಯಾರೋ ಚಿಕ್ಕಮ್ಮನ ಹೆಸರು ಕೂಗಿದರು. ಮತ್ತೆ ಕೂಗಿದರು. ಆಮೇಲೆ, “ಬಂದಿಲ್ಲ ಅಂತ ಬರ್ಕೊಳ್ಳಿ. ನೆಕ್ಸ್ಟ್!”

ಬಂದಿಲ್ಲವಂತೆ! ಚಿಕ್ಕಮ್ಮ ಚೀಲದಿಂದ ಸ್ಪ್ಯಾನರ್ ತೆಗೆದು ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಠಣ್ ಠಣ್ ಎಂದು ಬಾರಿಸಿದ್ದೇ ಬಾರಿಸಿದ್ದು. “ಬಂದಿದ್ದೀನಿ! ನಿಮಗಿಂತ ಮುಂಚೆನೇ ಬಂದಿದ್ದೀನಿ!” ಒಳಗೆ ಹೊಲಿಯುತ್ತಿದ್ದ ಹೆಂಗಸರೆಲ್ಲ ಮಷೀನ್ ನಿಲ್ಲಿಸಿ ಬಾಗಿಲಿಗೆ ಬಂದರು.

ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಇಳಿದರು. ಅಲ್ಲಿ ಕುರ್ಚಿಯಿಲ್ಲ, ಮೆಟ್ಟಿಲ ಮೇಲೆಯೇ ಕೂತರು.

“ಅಲ್ಲಮ್ಮಾ, ದಿನಾ ಹೇಗೆ ಬರ್ತೀರಿ?”

“ಇವತ್ತು ಹೇಗೆ ಬಂದೆನೋ ಹಾಗೆ.”

“ಮಷೀನುಗಳ ಮಧ್ಯೆ ಜಾಗ ಇಕ್ಕಟ್ಟು.”

“ಬಟ್ಟೆ ತುಂಬಿದ ಗಾಡಿ ಓಡಾಡುತ್ತಲ್ಲ ಸಾರ್? ಅದಕ್ಕಿಂತ ನಾನು ತೆಳ್ಳಗಿದ್ದೀನಿ.”

ಹೆಂಗಸರು ಗೊಳ್ಳೆಂದರು. ಸಾಹೇಬರೂ ನಗು ನುಂಗಿಕೊಂಡು, ದಾರ ಯಾಕೆ ತುಂಡಾಗುತ್ತದೆ, ಸೂಜಿ ಯಾಕೆ ಮುರಿಯುತ್ತದೆ ಎಂದು ಕೇಳತೊಡಗಿದರು. ಅಬ್ಬಾ, ಕಡೆಗೂ ಕಾಲಿನ ಮಾತು ಬಿಟ್ಟು ಕೈಯ ಮಾತು!

“ನನಗೇನೋ ಒಪ್ಪಿಗೆ,” ಎಂದರು ಸಾಹೇಬರು, ಚಿಕ್ಕಮ್ಮನ ಉತ್ತರಗಳನ್ನೆಲ್ಲ ಕೇಳಿದ ಮೇಲೆ. “ಆದ್ರೆ ಮ್ಯಾನೇಜರ್ ಹೂಂ ಅನ್ನಬೇಕು. ಮುಂದಿನ ಸೋಮವಾರ ಇರ್ತಾರೆ. ಅವ್ರ ರೂಮು…” ಎಂದು ಮೇಲೆ ನೋಡಿದರು.

“ಬರ್ತೀನಿ. ಇದೇ ಜಾಗಕ್ಕೆ. ಅವ್ರಿಗೂ ಹೇಳಿಡಿ.”

ಗೇಟು ದಾಟುತ್ತಲೇ ಚಿಕ್ಕಮ್ಮ ನನ್ನತ್ತ ತಿರುಗಿದರು. “ಸೋಮವಾರ ಕಾಲೇಜಿದ್ಯಾ?”

“ಇದೆ. ಆದ್ರೂ ಬರ್ತೀನಿ!”