ಬಾವಂಚಿ ಎಣ್ಣೆ ಮತ್ತು ಪಕ್ಕದ ಮನೆ ಅಕ್ಕ

ಮೊನ್ನೆ ಸಕಲೇಶಪುರದ ಗ್ರಂಧಿಗೆ ಅಂಗಡಿಯಲ್ಲಿ ಯಾರೋ ಬಾವಂಚಿ ಎಣ್ಣೆಯ ಸೀಸೆ ತೆರೆದು ಮೂಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಬಂದದ್ದನ್ನು ಮರೆತು ಹೊರಗೆ ಬಂದುಬಿಟ್ಟೆ. ಪಕ್ಕದ ಮನೆ ಅಕ್ಕ...

ಅವಳ ತುಟಿಯಂಚಿಗೂ ಬೆರಳ ತುದಿಗಳಿಗೂ ತೊನ್ನು ಬಂದಿತ್ತು. ಹೆಣ್ಣು ನೋಡಲು ಬಂದವರು ಎರಡು ಸಲ ಅವಳು ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋಗಿದ್ದರು. ಹೈಸ್ಕೂಲಿನಲ್ಲಿದ್ದ ನನಗೆ ಮಣಿಕಟ್ಟಿನ ಮೇಲೆ ಒಂದು ಬಿಳಿ ಮಚ್ಚೆ. ಹಾನುಬಾಳಿನ ಪಂಡಿತರು ಇಬ್ಬರಿಗೂ ಅದೇ ಎಣ್ಣೆ ಕೊಟ್ಟು, ಮೊಸರು, ಹುಳಿ, ಮೀನು ಬಿಡಿಸಿ, ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಕೂರಲು ಹೇಳಿದರು.

“ಇದು ಮುಟ್ಟಿದ್ರೆ ಅಂಟೋ ಕಾಯಿಲೆ ಅಲ್ಲ ಕಣ್ರಮ್ಮಾ,” ಎಂದೂ ಹೇಳಿದ್ದರು. ಇಬ್ಬರೂ ಕೇಳಿಸಿಕೊಂಡಿದ್ದೆವು.

ಮಂಜು ಕರಗಿದ ಮೇಲೆ ಕಾಫಿ ಕಣದ ಅಂಚಿನಲ್ಲಿ ಒಂದೇ ಚಾಪೆ ಹಾಸಿ ಕೂರುತ್ತಿದ್ದೆವು. ಒಣಗಲು ಹರಡಿದ ಕಾಫಿ ಹಣ್ಣು ಮಗುಚುವ ಆಳಿಗೆ ಅವಳು, “ನಮ್ಮನ್ನೂ ಒಂದ್ಸಲ ಮಗುಚಾಕು ಮಾರಾಯ, ಒಂದೇ ಕಡೆ ಬೇಯ್ತಾ ಐತೆ,” ಎಂದು ನಗಿಸುತ್ತಿದ್ದಳು.

ಕೆಲವು ತಿಂಗಳಲ್ಲಿ ನನ್ನ ಮಚ್ಚೆಯೊಳಗೆ ಸಾಸಿವೆಯಷ್ಟು ಕಂದು ಚುಕ್ಕಿಗಳು ಎದ್ದವು; ಮೈಬಣ್ಣ ಮರಳತೊಡಗಿತ್ತು. ಮೊದಲು ಕಂಡವಳು ಅವಳೇ. ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಅವಳ ಬೆರಳುಗಳು ಮಾತ್ರ ಹಾಗೇ ಇದ್ದವು.

ಮನೆಗೆ ಬಂದು ತೋರಿಸಿದಾಗ ಅಮ್ಮ ಮೆಲ್ಲಗೆ ಹೇಳಿದಳು, “ವಾಸಿ ಆಗ್ತಾ ಐತೆ. ಇನ್ಮೇಲೆ ಅವಳ ಪಕ್ಕ ಕೂತ್ಕಬೇಡ ಕಣೆ.”

ಪಂಡಿತರ ಮಾತು ಬಾಯಿ ತನಕ ಬಂದಿತ್ತು. ಆಡಲಿಲ್ಲ. ನನಗೂ ಭಯವಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ; ನಾನಿನ್ನೂ ಹೊಳೆ ಪೂರ್ತಿ ದಾಟಿರಲೂ ಇಲ್ಲ. ಮಾರನೆ ದಿನ ಬೇರೆ ಚಾಪೆ ತಂದು ಕಣದ ಇನ್ನೊಂದು ತುದಿಗೆ ಹಾಸಿದೆ.

ಅವಳು ತನ್ನ ಚಾಪೆಯಿಂದಲೇ, “ಅಲ್ಲೇ ಬಿಸಿಲು ಚೆನ್ನಾಗೈತೆ, ಕೂತ್ಕೊ,” ಎಂದಳು.

ಆಮೇಲೆ ಅವಳು ಕಣಕ್ಕೆ ಬರಲಿಲ್ಲ. ಎಣ್ಣೆಯನ್ನೂ ಬಿಟ್ಟಳಂತೆ. ಮದುವೆಯಾಗಲಿಲ್ಲ. ವನಗೂರಿನಲ್ಲಿದ್ದ ತಮ್ಮನ ಮನೆ ಸೇರಿದಳು...

ಕಳೆದ ವರ್ಷ ಅವಳು ತೀರಿಕೊಂಡ ಸುದ್ದಿ ಬಂದಾಗ ಹೋದೆ. ತಮ್ಮನ ಹೆಂಡತಿ ನಾನು ಯಾರೆಂದು ತಿಳಿದು ನನ್ನ ಕೈ ನೋಡಿದರು. “ಓ, ನೀವೇನಾ! ಯಾರಿಗೆ ಮಚ್ಚೆ ಬಂದ್ರೂ ಅತ್ತಿಗೆ ನಿಮ್ಮ ಹೆಸ್ರೇ ಹೇಳ್ತಿದ್ರು ಕಣ್ರೀ. ‘ಎದೆಗೆಡ್ಬೇಡಿ, ನನ್ನ ತಂಗೀಗೆ ಪೂರಾ ವಾಸಿ ಆಗೈತೆ’ ಅಂತ.”

ತಂಗಿ...

ಮಣಿಕಟ್ಟಿನಲ್ಲಿ ಮಚ್ಚೆ ಎಲ್ಲಿತ್ತೆಂದು ಈಗ ನನಗೇ ಗೊತ್ತಾಗುವುದಿಲ್ಲ. ನಮ್ಮೂರಿನಿಂದ ವನಗೂರು ಒಂದು ಬಸ್ಸಿನ ದಾರಿ. ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಹೋಗಿ ಅವಳ ಪಕ್ಕ ಕೂರಬಹುದಿತ್ತು. ನಾನು ಕೂತದ್ದು ಅವಳ ಹೆಣದ ಪಕ್ಕ.