ಬೆಂಚುಗಳ ನಡುವಿನ ಮ್ಯಾಂಚೆಸ್ಟರ್

ಮ್ಯಾಂಚೆಸ್ಟರಿಗೆ ಹೋದವರು ಮೊದಲು ಕೆಥೀಡ್ರಲ್ ನೋಡಬೇಕು. ಆಮೇಲೆ ದೊಡ್ಡ ರಸ್ತೆ ಹಿಡಿದು ನಡೆದರೆ ಕೆಂಪು ಕಲ್ಲಿನ ಲೈಬ್ರರಿ, ಅಲ್ಲಿಂದ ಸಂದಿಯೊಂದರಲ್ಲಿ ಅಡಗಿ ಕೂತ ಪುಟ್ಟ ಚರ್ಚು, ಕೊನೆಗೆ ಟೌನ್ ಹಾಲ್. ಈ ಆರ್ಡರ್ ತಪ್ಪಿಸಬಾರದು. ಇಷ್ಟು ಧೈರ್ಯವಾಗಿ ಹೇಳುವ ನಾನು ಇಂಗ್ಲೆಂಡಿಗೆ ಕಾಲಿಟ್ಟವಳೇ ಅಲ್ಲ. ಇದೆಲ್ಲ ಕಲಿತದ್ದು ದಾವಣಗೆರೆಯ ಕಾನ್ವೆಂಟಿನಲ್ಲಿ.

ಆಗ ನಮ್ಮೂರಲ್ಲಿ ಬಟ್ಟೆ ಮಿಲ್ಲುಗಳದೇ ಕಾರುಬಾರು. ನಮ್ಮದೂ ಮ್ಯಾಂಚೆಸ್ಟರೇ ಎಂದು ಊರವರು ಬೀಗುತ್ತಿದ್ದರು. ಅದನ್ನು ಕೇಳಿ ನಮ್ಮ ಇಂಗ್ಲಿಷ್ ಸಿಸ್ಟರ್ ನಗುತ್ತಿದ್ದರು. ಅವರು ಅಸಲಿ ಮ್ಯಾಂಚೆಸ್ಟರಿನವರು. "ಕಮ್, ಗರ್ಲ್ಸ್, ನನ್ನ ಊರು ತೋರಿಸ್ತೀನಿ" ಎಂದು ಸ್ಪೋಕನ್ ಇಂಗ್ಲಿಷ್ ಪೀರಿಯಡ್‌ನಲ್ಲಿ ಬೆಂಚುಗಳನ್ನೆಲ್ಲ ಎಳೆಸಿ ಕ್ಲಾಸನ್ನೇ ಊರು ಮಾಡಿಬಿಡುತ್ತಿದ್ದರು. ಒಬ್ಬಳು ಗೈಡು, ಉಳಿದವರು ಟೂರಿಸ್ಟುಗಳು. "ಲೇಡೀಸ್ ಅಂಡ್ ಜೆಂಟಲ್‌ಮೆನ್, ಆನ್ ಯುವರ್ ರೈಟ್..." ಎಂದು ಶುರು. ವೆರಾಂಡಾ ಅಂದರೆ ನದಿ. ದಾರಿ ತಪ್ಪಿದ ಗೈಡು ನದಿಗೆ ಬಿದ್ದ ಹಾಗೆ. ಪೀರಿಯಡ್ ಮುಗಿಯುವವರೆಗೆ ವೆರಾಂಡಾದಲ್ಲೇ ನಿಲ್ಲಬೇಕು. ನಾನು ಬಿದ್ದದ್ದು ಕಡಿಮೆ.

ಈಗ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನಲ್ಲಿ ಮಗಳ ಫ್ಲಾಟಿನಲ್ಲಿದ್ದೇನೆ. ಆರಾಮಾಗಿದ್ದೇನೆ, ಕಂಪ್ಲೇಂಟ್ ಇಲ್ಲ. ವಾರಕ್ಕೊಮ್ಮೆ ಕಿಸ್ಟಾದಲ್ಲಿರುವ ಗೆಳತಿಯ ಮನೆಗೆ ಹೋಗುವುದು ನನ್ನ ದೊಡ್ಡ ಸಂತೋಷ. ಆಕೆಯೂ ನನ್ನಂತೆ ಮಗನ ಸಂಸಾರದ ಹಿಂದೆ ಬಂದವಳು, ಹುಬ್ಬಳ್ಳಿಯವಳು. ಅಲ್ಲಿಗೆ ಹೋಗಲು ವೆಸ್ತ್ರಾ ಸ್ಕೂಗೆನ್ ಸ್ಟೇಷನ್ನಿನಲ್ಲಿ ಇಳಿದು ಬೇರೆ ಟ್ರೇನ್ ಹತ್ತಬೇಕು. ಹೋದ ತಿಂಗಳು ಒಂದು ದಿನ ನಾನು ಇಳಿಯಲಿಲ್ಲ. ಏನೋ ಯೋಚನೆಯಲ್ಲಿ ಲೈನಿನ ಕೊನೆಯವರೆಗೂ ಹೋಗಿ, ನೆಲದಡಿಯ ಸ್ಟೇಷನ್ನಿನ ಬಂಡೆಯ ಗೋಡೆಗೆ ಬಳಿದ ಬಣ್ಣ ನೋಡುತ್ತಾ ಬೆಂಚಿನ ಮೇಲೆ ಕೂತುಬಿಟ್ಟೆ. ಫೋನ್ ಬ್ಯಾಗಿನ ತಳದಲ್ಲಿತ್ತು. ಮಗಳು ಮೀಟಿಂಗ್ ಬಿಟ್ಟು ಹುಡುಕಿಕೊಂಡು ಬಂದಳು.

"ಡೇ ಡ್ರೀಮಿಂಗ್ ಕಣೇ," ಅಂದೆ.

"ಡ್ರೀಮಿಂಗ್ ಅಲ್ಲಮ್ಮ, ಮರೆವು," ಅಂದಳು. ನನ್ನ ಮೆಟ್ರೋ ಕಾರ್ಡ್ ಅವಳ ಪರ್ಸಿಗೆ ಹೋಯಿತು. ಇನ್ನು ಮೇಲೆ ಒಬ್ಬಳೇ ಎಲ್ಲಿಗೂ ಹೋಗಕೂಡದು.

ಅವಳ ಸಿಟ್ಟಿನ ಹಿಂದೆ ಭಯವಿತ್ತು, ನನಗೆ ಗೊತ್ತು. ನನಗೂ ಒಳಗೊಳಗೇ ಅದೇ ಭಯ.

ಅಷ್ಟರಲ್ಲಿ, ಕಾರ್ಲ್‌ಸ್ಟಾಡ್‌ನಲ್ಲಿ ಓದುವ ಮೊಮ್ಮಗಳು ಫುಟ್‌ಬಾಲ್ ಮ್ಯಾಚ್ ನೋಡಲು ಫ್ರೆಂಡ್ಸ್ ಜೊತೆ ಮ್ಯಾಂಚೆಸ್ಟರಿಗೆ ಹೊರಟಳು. ಹೊರಡುವ ಮುಂಚೆ ಅಮ್ಮನ ಜೊತೆ ಬೆಟ್ ಕಟ್ಟಿದಳು. "ಅಜ್ಜಿ ಗೂಗಲ್ ಇಲ್ಲದೆ ನಂಗೆ ಊರು ತೋರಿಸಿದ್ರೆ ಕಾರ್ಡ್ ವಾಪಸ್ ಕೊಡ್ತೀಯಾ?"

ಮಗಳು ನಕ್ಕಳು. "ಮೊಲ ಸಿಕ್ಕಿದ್ರೆ ಕೊಡ್ತೀನಿ."

ಮೊಲದ ವಿಷಯ ನಮ್ಮ ಮನೆಯ ಹಳೇ ಜೋಕು. ಆ ಕೆಥೀಡ್ರಲ್‌ನಲ್ಲಿ ಮೊಲವೊಂದು ಬೇಟೆಗಾರನನ್ನೇ ಕಂಬಿಗೆ ಚುಚ್ಚಿ ಸುಡುತ್ತಿರುವ ಕೆತ್ತನೆ ಇದೆ ಎಂದು ಸಿಸ್ಟರ್ ಹೇಳಿದ್ದರು. ನಾನು ಮಗಳಿಗೆ ಊಟ ಮಾಡಿಸುವಾಗೆಲ್ಲ ಆ ಕಥೆ ಹೇಳುತ್ತಿದ್ದೆ. ಅದು ನಾನೇ ಕಟ್ಟಿದ ಕಥೆಯೆಂದು ಅವಳ ನಂಬಿಕೆ.

ಶನಿವಾರ ಬೆಳಿಗ್ಗೆ ಮಗಳು ದೋಸೆ ಹುಯ್ಯುತ್ತಿದ್ದಳು. ವಿಡಿಯೋ ಕಾಲ್ ಬಂತು.

"ಅಜ್ಜೀ, ಕೆಥೀಡ್ರಲ್ ಒಳಗಿದ್ದೀನಿ. ಮೊಲ ಎಲ್ಲಿ?"

"ಕ್ವಾಯರ್ ಹತ್ರ ಹೋಗು, ಹಾಡೋರು ಕೂರೋ ಜಾಗ. ಮರದ ಸೀಟುಗಳಿರ್ತಾವೆ, ಸಿನಿಮಾ ಥಿಯೇಟರಿನ ಥರ ಮಡಚೋವು. ಎತ್ತಿ ಅಡಿಯಲ್ಲಿ ನೋಡು."

"ಸೀಟಿನ ಅಡಿಗಾ? ಚೂಯಿಂಗ್ ಗಮ್ ಇರುತ್ತೆ, ಅಷ್ಟೇ!"

"ಚರ್ಚಲ್ಲಿ ಯಾರಾದ್ರೂ ಇಂಥದ್ದು ಕೆತ್ತುತ್ತಾರೇನೇ?" ಎಂದು ಮಗಳು ಒಲೆಯ ಹತ್ತಿರದಿಂದ ಕೂಗಿದಳು. "ಮ್ಯಾಚಿಗೆ ಹೋಗು, ಲೇಟಾಗುತ್ತೆ."

ಅಲ್ಲಿದ್ದ ಯಾರೋ ಹಿರಿಯರು ಒಂದು ಸೀಟು ಎತ್ತಿ ತೋರಿಸಿದರು. ಮಲಗಿದ ವ್ಯಾಪಾರಿಯ ಗಂಟು ದೋಚುತ್ತಿರುವ ಕೋತಿಗಳು. ಇನ್ನೊಂದು ಎತ್ತಿದರು. "ಹೆರೆಗೂದ್!" ಎಂದು ಮೊಮ್ಮಗಳು ಸ್ವೀಡಿಷ್‌ನಲ್ಲೇ ದೇವರನ್ನು ಕೂಗಿದಳು. ಸ್ಕ್ರೀನಿನಲ್ಲಿ ಕರೀ ಮರದ ಮೊಲ, ಶ್ರದ್ಧೆಯಿಂದ ಬೇಟೆಗಾರನನ್ನು ಸುಡುತ್ತಿತ್ತು. ಮಗಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು. ದೋಸೆ ಸೀದಿತು.

ಲೈಬ್ರರಿಯೂ ಸಲೀಸಾಗಿ ಸಿಕ್ಕಿತು. ಅದೂ ಚರ್ಚೇ ಇರಬೇಕೆಂದು ಮೊಮ್ಮಗಳು ಮುಂದೆ ಹೋಗುತ್ತಿದ್ದಳು, ನಾನೇ ನಿಲ್ಲಿಸಿದೆ. ಎಡವಿದ್ದು ಆಮೇಲೆ. "ರೈಟಿಗೆ ತಿರುಗು, ಸಂದಿಯಲ್ಲಿ ಚರ್ಚು," ಅಂದೆ. ಬಲಕ್ಕೆ ಬರೀ ಗಾಜಿನ ಆಫೀಸುಗಳು.

"ಇಲ್ಲಿ ಏನೂ ಇಲ್ಲ ಅಜ್ಜಿ."

ಮಗಳು ಒಲೆ ಆರಿಸಿ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. ಆ ಕೈಯೇ ನನ್ನನ್ನು ಹೆದರಿಸಿತು. ಮೊಲ ಸಿಕ್ಕಿ ಬೆಟ್ ಗೆದ್ದಾಗಿತ್ತು, ನಿಜ. ಆದರೆ ನನ್ನ ತಲೆ ನನ್ನದೇ ಆಗಿ ಉಳಿದಿದೆಯೋ ಇಲ್ಲವೋ ಎಂಬುದು ಬೆಟ್ಟಿನ ವಿಷಯವಲ್ಲವಲ್ಲ.

"ಒಂದ್ನಿಮಿಷ ಇರು," ಅಂದು ಎದ್ದೆ. ಮಂಡಿ ನೋಯುತ್ತಿದ್ದರೂ ಊಟದ ಟೇಬಲ್ಲಿನ ಕುರ್ಚಿಗಳನ್ನು ಸಾಲಾಗಿ ಎಳೆದೆ. ಕಣ್ಣು ಮುಚ್ಚಿ ಅವುಗಳ ನಡುವೆ ನಡೆದೆ. ಬೆನ್ನ ಹಿಂದೆ ಕ್ಲಾಸಿನ ಬೋರ್ಡು, ಅಂದರೆ ಕೆಥೀಡ್ರಲ್. ಬಲಗೈಗೆ ವೆರಾಂಡಾದ ಗಾಳಿ, ಅಂದರೆ ನದಿ. ಪುಟ್ಟ ಚರ್ಚಿನ ಬೆಂಚು ಇದ್ದದ್ದು ಕಿಟಕಿ ಪಕ್ಕ. ಕಿಟಕಿಗಳೆಲ್ಲ ಎಡಕ್ಕೆ!

"ಲೆಫ್ಟ್! ರಸ್ತೆ ದಾಟು. ಲೈಬ್ರರಿಗೆ ಬೆನ್ನು ಮಾಡಿ ಸಂದಿಯೊಳಗೆ ಹೋಗು."

ಸ್ವಲ್ಪ ಹೊತ್ತು ಬರೀ ಅವಳ ಬೂಟಿನ ಸದ್ದು. ಆಮೇಲೆ ಪಿಸುಮಾತು: "ಮೊರ್‌ಮೊರ್, ಸಿಕ್ತು." ಮುದ್ದು ಉಕ್ಕಿದರೆ ಅವಳು ನನ್ನನ್ನು ಹಾಗೆ ಕರೆಯುತ್ತಾಳೆ, ಇಲ್ಲಿನ ಮಕ್ಕಳು ತಾಯಿಯ ತಾಯಿಯನ್ನು ಕರೆಯುವಂತೆ. ಫೋನಿನಲ್ಲಿ ಮೋಂಬತ್ತಿಗಳು ಕಂಡವು, ಖಾಲಿ ಸೀಟುಗಳು ಕಂಡವು. ಹುಡುಗಿಯಾಗಿದ್ದಾಗ ಸಿಸ್ಟರ್ ಕೂರುತ್ತಿದ್ದದ್ದು ಅಲ್ಲೇ ಎಲ್ಲೋ. ಊರು ಬಿಟ್ಟ ಮೇಲೆ ಅವರು ಮತ್ತೆ ಅಲ್ಲಿಗೆ ಹೋದದ್ದು ನನಗೆ ಗೊತ್ತಿಲ್ಲ. ನಮ್ಮ ಬೆಂಚುಗಳ ನಡುವೆ ಮಾತ್ರ ವಾರವಾರವೂ ಹೋಗಿ ಬರುತ್ತಿದ್ದರು.

ಟೌನ್ ಹಾಲ್ ರಿಪೇರಿಗೆ ಮುಚ್ಚಿತ್ತು. ಅದಕ್ಕೆ ನಾನು ಜವಾಬ್ದಾರಳಲ್ಲ.

ಕುರ್ಚಿಗಳನ್ನು ಮಗಳೇ ಒಳಗೆ ತಳ್ಳಿದಳು. ಪರ್ಸಿನಿಂದ ಕಾರ್ಡ್ ತೆಗೆದು ನನ್ನ ಮುಂದಿಟ್ಟಳು. "ಟ್ರೇನ್ ಚೇಂಜ್ ಮಾಡಿದ ತಕ್ಷಣ ಫೋನ್ ಮಾಡ್ಬೇಕು. ಪ್ರಾಮಿಸ್?"

ಗುರುವಾರ ವೆಸ್ತ್ರಾ ಸ್ಕೂಗೆನ್‌ನಲ್ಲಿ ಇಳಿದೆ, ಬೇರೆ ಟ್ರೇನ್ ಹತ್ತಿದೆ, ಸೀಟು ಹಿಡಿದು ಫೋನ್ ಮಾಡಿದೆ.

"ಚೇಂಜ್ ಮಾಡಿದೆ ಕಣೇ."

ಅವಳು ಆಫೀಸಿನಲ್ಲಿದ್ದಳು, ದನಿ ಸಣ್ಣಗಿತ್ತು. "ಅಮ್ಮ, ಬೇಸಿಗೆಗೆ ನಾವಿಬ್ರೂ ಹೋಗೋಣ್ವಾ? ಆ ಮೊಲ ನೋಡೋಕೆ? ವೀಸಾ ನಾನು ಮಾಡಿಸ್ತೀನಿ."

"ಆಗಲಿ. ಆದ್ರೆ ಗೈಡ್ ನಾನೇ," ಅಂದೆ. "ಈಗ ಫೋನ್ ಇಡು, ಮಾತಾಡ್ತಾ ಕೂತರೆ ಕಿಸ್ಟಾ ದಾಟಿಹೋಗುತ್ತೆ."