ಒಂಬತ್ತನೇ ಬೂಚು

ನಮ್ಮ ಮನೆಯವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಜಿನ್ನಪ್ಪ ಎಂದರೆ ನಿಪ್ಪಾಣಿಯಿಂದ ಅಥಣಿಯವರೆಗೆ ಹಳೆ ಬೈಕಿನವರಿಗೆಲ್ಲ ಗೊತ್ತು. ಜಿಡ್ಡು, ಕಿಲುಬು ಹಿಡಿದ ಇಂಜಿನ್ ಭಾಗಗಳನ್ನು ಪೆಟ್ಟಿಗೆಯೊಳಗಿಟ್ಟು, ಕಂಪ್ರೆಸರ್ ಗಾಳಿಯಲ್ಲಿ ಗಾಜಿನ ಪುಡಿ ಹೊಡೆದು ಹೊಸದರಂತೆ ಮಾಡಿಕೊಡುವುದು ಅವರ ಕೆಲಸ. ಪುಡಿ ಒಳಗೆ ಹೋಗದಿರಲೆಂದು ಎಣ್ಣೆ ಹರಿಯುವ ತೂತುಗಳಿಗೆ ತಂಬಾಕಿನ ಒಣ ದಂಟು ಕೆತ್ತಿ ಬೂಚು ಜಡಿಯುತ್ತಾರೆ. ಆಮೇಲೆ ಕಿತ್ತು, ಎಣಿಸಿ ಡಬ್ಬಿಗೆ ಹಾಕುತ್ತಾರೆ. ಒಂದು ಒಳಗುಳಿದರೂ ಎಣ್ಣೆ ಹರಿಯದೆ ಇಂಜಿನ್ ಜಾಮ್ ಆಗುತ್ತದೆ.

ಆ ಭಾನುವಾರ ಬೆಳಗ್ಗೆ ಡಬ್ಬಿಯಲ್ಲಿ ಎಂಟೇ ಇದ್ದವು.

‘ಒಂಬತ್ತಿದ್ವು. ಎಣಿಸಿ ಹಾಕೀನಿ ಅನಸತೈತಿ. ಕಬ್ಬೂರ ಅಣ್ಣಾಸಾಬ್ರ ಬುಲೆಟ್‌ನ್ಯಾಗ ಉಳೀತೋ ಏನೋ’ ಎಂದರು. ಡಬ್ಬಿ ಬೋರಲು ಹಾಕಿ ಮತ್ತೆ ಎಣಿಸಿದರು.

ಕಬ್ಬೂರಿನಲ್ಲಿ ಕಬ್ಬು ಬೆಳೆಯುವ ಅಣ್ಣಾಸಾಬರು ತಮ್ಮ ಅಪ್ಪನ ಕಾಲದ ಆ ಬುಲೆಟ್‌ಗೆ ಅಂದೇ ಹನ್ನೊಂದಕ್ಕೆ ಪೂಜೆ ಮಾಡಿ ಮೊದಲ ಕಿಕ್ ಹೊಡೆಯುವವರಿದ್ದರು. ನಮಗೂ ಕರೆ ಇತ್ತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬಿದ್ದಂಬೀಳ ಹೊರಟೆವು.

‘ಬಾಯಿ ಬಿಡಬ್ಯಾಡ್ರಿ’ ಎಂದೆ ದಾರಿಯಲ್ಲಿ. ‘ಇಂಜಿನ್ ಜೋಡಿಸಿದಾಂವ ನೋಡಿರ್ತಾನ. ಹತ್ತು ಮಂದಿ ಮುಂದ ಹೇಳಿದ್ರ ನಾಳಿಗಿ ಯಾರ್ ಕೆಲಸ ಕೊಡ್ತಾರ?’

ಅವರು ಗಾಡಿಯನ್ನು ಇನ್ನಷ್ಟು ಜೋರು ಮಾಡಿದರು.

ಹೋಗುವಷ್ಟರಲ್ಲಿ ಅಣ್ಣಾಸಾಬರು ಕಿಕ್ಕರ್ ಮೇಲೆ ಕಾಲಿಟ್ಟಿದ್ದರು. ಇವರು ನೆಟ್ಟಗೆ ಹೋಗಿ ಹ್ಯಾಂಡಲ್ ಹಿಡಿದರು. ‘ತಡೀರಿ. ಒಳಗೊಂದು ಬೂಚು ಉಳದೈತಿ. ತಪ್ಪು ನಂದು.’

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಎಣ್ಣೆ ಇಳಿಸಿದರು, ಕವರ್ ಬಿಚ್ಚಿದರು, ಪ್ರತಿ ತೂತಿಗೂ ತಂತಿ ಹಾಕಿ ನೋಡಿದರು. ಬೂಚು ಇರಲಿಲ್ಲ. ಮುಹೂರ್ತ ಮೀರಿತ್ತು. ‘ಜಿನ್ನಪ್ಪಗ ವಯಸ್ಸಾತು’ ಎಂದು ಯಾರೋ ನಕ್ಕರು. ಇವರಿಗೆ ಕೊಡಲೆಂದೇ ಎರಡು ಇಂಜಿನ್ ತಂದಿದ್ದ ರಾಯಬಾಗದವರು ಅವನ್ನು ಜೀಪಿನಲ್ಲೇ ಉಳಿಸಿಕೊಂಡರು. ಅಣ್ಣಾಸಾಬರು ಪೂಜೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮನೆಗೆ ಬಂದ ಮೇಲೆ ಇವರು, ಬೂಚು ಅದರಲ್ಲೇನಾದರೂ ಬಿದ್ದಿದೆಯೋ ಎಂದು, ಸಂಜೆಯವರೆಗೆ ಅಂಗಳದಲ್ಲಿ ಗಾಜಿನ ಪುಡಿಯನ್ನು ಜರಡಿ ಹಿಡಿಯುತ್ತಲೇ ಇದ್ದರು.

‘ಉಣ್ಣಾಕ ಬರ್ರಿ. ಹೊತ್ತು ಮುಳಗತೈತಿ.’

‘ಒಂಬತ್ತಿದ್ವು’ ಎಂದರು, ಅಷ್ಟೇ.

ಜೈನರಾದ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಟಮಾರಿ ಗಂಡಸು, ಉಪವಾಸವೇ ಬೀಳಲಿ ಎಂದು ಸಿಡಿಮಿಡಿಗೊಂಡು ದೇವರ ದೀಪಕ್ಕೆ ಎಣ್ಣೆ ಬಾಟಲಿ ಎತ್ತಿದೆ. ಅದರ ಬಾಯಲ್ಲಿ ತಂಬಾಕಿನ ದಂಟಿನ ಬೂಚಿತ್ತು. ಶುಕ್ರವಾರ ಬಾಟಲಿಯ ಮುಚ್ಚಳ ಒಡೆದಾಗ ಕೈಗೆ ಸಿಕ್ಕಿದ ಡಬ್ಬಿಯಿಂದ ತೆಗೆದು ಜಡಿದವಳು ನಾನೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿಸಿದ್ದೆ.

ಒಲೆಗೆ ಹಾಕಿದರೆ ಮುಗಿಯುತ್ತಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಬೆಳಗ್ಗೆ ಅವರಿಗೆ ನಾನು ಹೇಳಿದ ಬುದ್ಧಿಯೂ ಅದೇ ಆಗಿತ್ತು.

ಅವರ ಫೋನ್ ಎತ್ತಿಕೊಂಡೆ. ಹಳೆ ಬೈಕಿನವರ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಜಿನ್ನಪ್ಪನ ಮೇಲೆ ನಗೆಚಾಟಿಕೆ ನಡೆದಿತ್ತು. ಮೈಕ್ ಒತ್ತಿದೆ.

‘ನಾ ಲಕ್ಷ್ಮಿಬಾಯಿ ಮಾತಾಡಾಕತ್ತೇನಿ. ಡಬ್ಬ್ಯಾಗಿನ ಬೂಚು ತಗೊಂಡಾಕಿ ನಾನು. ನಮ್ಮನಿಯವರ ಎಣಿಕಿ ತಪ್ಪಿಲ್ರಿ.’

ಅಂಗಳದಲ್ಲಿ ಜರಡಿಯ ಸದ್ದು ನಿಂತಿತು.